ಹೆರಿಗೆ ನೋವಿನ ನಡುವೆ ಎಚ್‌ಐವಿ ಟೆಸ್ಟ್: ನನ್ನನ್ನು ಕೇಳಬೇಕಿತ್ತು ಅಲ್ವಾ?

ಹೊಸ ಅಮ್ಮ · ರಾತ್ರಿ 9:50

ಮೊದಲೇ ಹೇಳಿಬಿಡ್ತೇನೆ, ನಾನೂ ಮಗುವೂ ಚೆನ್ನಾಗಿದ್ದೇವೆ. ಮಗುವಿಗೆ ಈಗ 5 ವಾರ. ಆದರೂ ಒಂದು ವಿಷಯ ಮನಸ್ಸಿನಿಂದ ಹೋಗ್ತಿಲ್ಲ. ಅದಕ್ಕೇ ಬರೀತಿದ್ದೇನೆ.

ಡಾಕ್ಟರ್ ಕೊಟ್ಟ ದಿನಕ್ಕಿಂತ ಮೊದಲೇ, ರಾತ್ರಿ ಹೊತ್ತು ನೀರು ಒಡೆಯಿತು. ಗಾಬರಿಯಲ್ಲಿ ಫೈಲ್ ಮನೆಯಲ್ಲೇ ಉಳಿಯಿತು. ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆ ದೂರ, ಹತ್ತಿರ ಇದ್ದ ಇನ್ನೊಂದಕ್ಕೆ ಹೋದೆವು. ಒಬ್ಬ ಸಿಸ್ಟರ್ ಬೆರಳು ಚುಚ್ಚಿ "ಏನಿಲ್ಲ, ಸಣ್ಣ ಬ್ಲಡ್ ಟೆಸ್ಟ್" ಅಂದರು. ಯಾವ ಟೆಸ್ಟ್ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಗ ಹಿಡಿದುಕೊಂಡಿದ್ದ ಮಂಚದ ಕಂಬಿ ಬಿಟ್ಟರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಅರ್ಧ ಗಂಟೆ ಆದಮೇಲೆ ಎಲ್ಲರ ಮುಖ ಬದಲಾಯಿತು. ಕೈಗೆ ಎರಡೆರಡು ಗ್ಲೌಸ್. ಕೇಸ್ ಶೀಟ್ ಮೇಲೆ ಕೆಂಪು ಪೆನ್ನಿನಲ್ಲಿ ಏನೋ ಗುರುತು. ಮಾತ್ರೆ ಕೊಟ್ಟರು, ನುಂಗಿದೆ. ಹೆರಿಗೆ ಆಯಿತು. ಮಗುವಿನ ಬಾಯಿಗೂ ಯಾವುದೋ ಸಿರಪ್ ಹನಿ ಹಾಕಿದರು. ಹಾಲು ಕುಡಿಸಬೇಡಿ ಅಂದರು. ಯಾಕೆ ಅಂತ ಕೇಳಿದರೆ "ಡಾಕ್ಟರ್ ಬಂದು ಹೇಳ್ತಾರೆ". ಬೆಳಿಗ್ಗೆ ನನ್ನ ಗಂಡ ಹಾಸಿಗೆ ಪಕ್ಕ ಬಂದು ನಿಂತರು, ಕೂರಲಿಲ್ಲ. ನನಗಿಂತ ಮೊದಲು ಅವರಿಗೆ ಹೇಳಿದ್ದಾರೆ ಅಂತ ಆಗಲೇ ಗೊತ್ತಾಯಿತು.

ಮೂರನೇ ದಿನ ಕನ್ಫರ್ಮ್ ರಿಪೋರ್ಟ್ ಬಂತು. ನೆಗೆಟಿವ್. "ಏನೂ ಇಲ್ಲವಂತೆ, ಇನ್ನು ಹಾಲು ಕುಡಿಸಿ" ಅಂತ ಹೇಳಿ ಹೋದರು. ಅಷ್ಟೇ.

ನನ್ನ ಪ್ರಶ್ನೆ ಮೂರು. ನೋವಲ್ಲಿ ಒದ್ದಾಡುತ್ತಿರುವವಳಿಗೆ ಈ ಟೆಸ್ಟ್ ಮಾಡಲೇಬೇಕಾ? ಖಾತ್ರಿ ಇಲ್ಲದೆ ಮಗುವಿಗೆ ಔಷಧಿ ಯಾಕೆ ಕೊಟ್ಟರು? ಆ ಎರಡು ದಿನದ ಹಾಲನ್ನು ನನ್ನ ಮಗುವಿಗೆ ವಾಪಸ್ ಯಾರು ಕೊಡ್ತಾರೆ? ಮೂರನೆಯದಕ್ಕೆ ಉತ್ತರ ಇಲ್ಲ ಅಂತ ಗೊತ್ತು. ಸುಮ್ನೆ ಬರೆದೆ.

ಕೊನೆ ಬೆಂಚು · ರಾತ್ರಿ 10:04

ಕೇಸ್ ಹಾಕಿ ಮೇಡಂ. ಸಂಸಾರಸ್ಥ ಹೆಣ್ಣುಮಕ್ಕಳಿಗೆ ಎಚ್‌ಐವಿ ಟೆಸ್ಟ್ ಮಾಡೋದೇ ಅವಮಾನ. ಅನುಮಾನ ಇದ್ದವರಿಗೆ ಮಾಡಲಿ, ಎಲ್ಲರಿಗೂ ಯಾಕೆ?

ರಾತ್ರಿ ಪಾಳಿ · ರಾತ್ರಿ 10:31

ನಾನು 14 ವರ್ಷದಿಂದ ಲೇಬರ್ ರೂಮಲ್ಲಿ ಸಿಸ್ಟರ್. ಹೊಸ ಅಮ್ಮ ಅವರೇ, ಆ ರಾತ್ರಿ ಅಲ್ಲಿ ಇದ್ದವಳು ನಾನಲ್ಲ. ಆದರೂ ನಮ್ಮವರ ಪರವಾಗಿ ಕ್ಷಮೆ ಕೇಳ್ತೇನೆ. ಗಂಡನಿಗೆ ಮೊದಲು ಹೇಳಿದ್ದು ತಪ್ಪು. ಕೆಂಪು ಗುರುತು ತಪ್ಪು. ರಿಪೋರ್ಟ್ ಬಂದಮೇಲೆ ಎರಡು ಗ್ಲೌಸ್ ಹಾಕಿದ್ದಂತೂ ಮೂರ್ಖತನ. ಯಾರ ರಕ್ತದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರೋದಿಲ್ಲ, ಆದ್ದರಿಂದ ಎಲ್ಲರ ಹೆರಿಗೆಗೂ ಒಂದೇ ಎಚ್ಚರಿಕೆ ಇರಬೇಕು. ಮೊದಲು ಒಂದು, ಆಮೇಲೆ ಎರಡು ಅಂದರೆ ಅದು ಎಚ್ಚರಿಕೆ ಅಲ್ಲ, ಭಯ.

ಟೆಸ್ಟ್ ಮಾಡಿದ್ದು ಮಾತ್ರ ಸರಿ. ಯಾಕೆ ಅಂತ ಹೇಳ್ತೇನೆ.

ಸೋಂಕಿರುವ ತಾಯಿಗೆ ಯಾವ ಔಷಧಿಯೂ ಸಿಗದಿದ್ದರೆ, ಗರ್ಭ, ಹೆರಿಗೆ, ಎದೆಹಾಲು ಮೂರೂ ಸೇರಿ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಎಚ್‌ಐವಿ ಬರುತ್ತೆ. ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಇದ್ದರೂ ಹೆಚ್ಚಿನ ಮಕ್ಕಳಿಗೆ ಆಗ ಏನೂ ಆಗೋದಿಲ್ಲ. ಮಾಸು ತಡೆ ಹಿಡಿಯುತ್ತೆ. ಅಪಾಯ ಹೆಚ್ಚೋದು ಹೆರಿಗೆ ಹೊತ್ತಿನಲ್ಲಿ. ಒಂದೊಂದು ನೋವಿಗೂ ಗರ್ಭಕೋಶ ಹಿಂಡುತ್ತೆ. ತಾಯಿಯ ರಕ್ತ ಮಾಸಿನ ಮೂಲಕ ಚೂರುಚೂರು ಮಗುವಿನ ಕಡೆ ಜಿನುಗಬಹುದು. ಹೊರಗೆ ಬರುವಾಗ ಮಗುವಿನ ಕಣ್ಣು, ಬಾಯಿಗೆ ರಕ್ತ, ದ್ರವ ತಾಗುತ್ತೆ. ನೀರು ಒಡೆದು ಹೊತ್ತು ಕಳೆದಷ್ಟೂ ಅಪಾಯ ಜಾಸ್ತಿ.

ಅಂದರೆ ರಿಪೋರ್ಟ್ ಇಲ್ಲದೆ, ನೀರು ಒಡೆದು ಬಂದ ತಾಯಿ ನಮ್ಮ ಕೈಗೆ ಸಿಗೋದು ಸರಿಯಾಗಿ ಆ ಹೊತ್ತಿನಲ್ಲೇ. ಫೈಲ್ ಬರಲಿ ಅಂತ ಕಾದರೆ ಮಗು ಮೊದಲು ಬರುತ್ತೆ.

ಕೊನೆ ಬೆಂಚು · ರಾತ್ರಿ 10:38

ಆ ಹೊತ್ತಲ್ಲಿ ಗೊತ್ತಾಗಿ ಏನು ಪ್ರಯೋಜನ ಸಿಸ್ಟರ್? ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡಿದ ಹಾಗಲ್ವಾ?

ರಾತ್ರಿ ಪಾಳಿ · ರಾತ್ರಿ 10:55

ಅಲ್ಲ ಸರ್. ಈ ಬಾವಿಯಲ್ಲಿ ನೀರಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನೇ ಲೆಕ್ಕ ಹಾಕಿದ್ದರು, 1998ರಲ್ಲಿ ಪ್ರಕಟವಾಯಿತು. ಆಗ ಇದ್ದದ್ದು ಜಿಡೊವುಡಿನ್ ಅನ್ನುವ ಒಂದೇ ಔಷಧಿ. ಗರ್ಭಿಣಿ ಇದ್ದಾಗಲೇ ಶುರು ಮಾಡಿದ ತಾಯಂದಿರಲ್ಲಿ ಮಗುವಿಗೆ ಸೋಂಕು ಹೋದದ್ದು ಶೇ 6.1. ಹೆರಿಗೆ ನೋವಿನಲ್ಲಿ ಶುರು ಮಾಡಿದವರಲ್ಲಿ ಶೇ 10. ತಾಯಿಗೆ ಏನೂ ಸಿಗದೆ, ಮಗುವಿಗೆ ಮಾತ್ರ ಹುಟ್ಟಿದ 48 ಗಂಟೆಯೊಳಗೆ ಕೊಟ್ಟಾಗ ಶೇ 9.3. ಮೂರನೇ ದಿನ ಅಥವಾ ಆಮೇಲೆ ಕೊಟ್ಟಾಗ ಶೇ 18.4. ಏನೂ ಕೊಡದಿದ್ದಾಗ ಶೇ 26.6.

ಹೊಸ ಅಮ್ಮ ಅವರ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅವರ ಕನ್ಫರ್ಮ್ ರಿಪೋರ್ಟ್ ಬಂದದ್ದು ಮೂರನೇ ದಿನ. ಅಷ್ಟು ಹೊತ್ತು ಕಾದಿದ್ದರೆ, ಆ ರಿಪೋರ್ಟ್ ಪಾಸಿಟಿವ್ ಆಗಿದ್ದರೆ? ಹನಿ ಹಾಕುವ ಹೊತ್ತು ದಾಟಿ ಹೋಗಿರುತ್ತಿತ್ತು. ಅದಕ್ಕೇ ಮೊದಲ ಟೆಸ್ಟಲ್ಲಿ ಪಾಸಿಟಿವ್ ಗೆರೆ ಬಂದ ಕೂಡಲೇ ಶುರು ಮಾಡ್ತೇವೆ, ನೆಗೆಟಿವ್ ಅಂತ ಖಾತ್ರಿಯಾದರೆ ನಿಲ್ಲಿಸ್ತೇವೆ. ಎರಡು ಮೂರು ದಿನದ ಔಷಧಿಯಿಂದ ಮಗುವಿಗೆ ತೊಂದರೆ ಆಗೋದು ಬಹಳ ಕಡಿಮೆ.

ಲ್ಯಾಬ್ ಕಿಟಕಿ · ರಾತ್ರಿ 11:20

ಆ ಗೆರೆ ಯಾಕೆ ಸುಳ್ಳು ಹೇಳಿತು ಅಂತ ನಾನು ಹೇಳ್ತೇನೆ. ನನ್ನದು ಲ್ಯಾಬ್ ಕೆಲಸ.

ರ‍್ಯಾಪಿಡ್ ಕಿಟ್ ಅಂದರೆ ಅಂಗೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಬಿಲ್ಲೆ. ಬೆರಳಿನ ರಕ್ತ ಒಂದು ಹನಿ, ಮೇಲೆ ಬಫರ್ ದ್ರವ ಒಂದೆರಡು ಹನಿ. ಕೆಂಪಗೆ ಹರಡುತ್ತಾ ಹೋಗುತ್ತೆ, ನಿಧಾನಕ್ಕೆ ಬಿಳಿಯಾಗುತ್ತೆ. ಹೆಚ್ಚಿನ ಕಿಟ್‌ಗಳಲ್ಲಿ 15ರಿಂದ 20 ನಿಮಿಷ. ಕಿಟ್ ಕೆಲಸ ಮಾಡ್ತಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಒಂದೇ ಇದ್ದರೆ ನೆಗೆಟಿವ್. ಪಕ್ಕದಲ್ಲಿ ಇನ್ನೊಂದು ಬಂದರೆ, ಎಷ್ಟೇ ತೆಳುವಾಗಿರಲಿ, ರಿಯಾಕ್ಟಿವ್, ಅಂದರೆ ಸೋಂಕು ಇರಬಹುದು ಅನ್ನುವ ಸೂಚನೆ. ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಕಿಟ್ ಕಸದ ಬುಟ್ಟಿಗೆ. ಹೇಳಿದ ಹೊತ್ತು ಮೀರಿ ಒಂದು ಗಂಟೆ ಆದಮೇಲೆ ನೋಡಿದರೆ ಇಲ್ಲದ ಗೆರೆಯೂ ಮೂಡಿರಬಹುದು. ಲೇಬರ್ ರೂಮಿನ ಗಡಿಬಿಡಿಯಲ್ಲಿ ಆಗುವ ತಪ್ಪು ಇದೇ. ಬಿಲ್ಲೆ ಟ್ರೇನಲ್ಲಿ ಮರೆತುಹೋಗಿರುತ್ತೆ.

ಎಲ್ಲ ಸರಿಯಾಗಿ ಮಾಡಿದರೂ ಸುಳ್ಳು ಪಾಸಿಟಿವ್ ಬಂದೇ ಬರುತ್ತೆ. ಒಂದು ಊಹೆಯ ಲೆಕ್ಕ ನೋಡಿ. 10,000 ಗರ್ಭಿಣಿಯರು. 1000ಕ್ಕೆ ಇಬ್ಬರಿಗೆ ಸೋಂಕು ಅಂದುಕೊಳ್ಳೋಣ, ಅಂದರೆ 20 ಜನ. ಕಿಟ್ ಆ 20 ಜನರನ್ನೂ ಹಿಡಿಯಿತು. ಸೋಂಕಿಲ್ಲದವರಲ್ಲಿ 1000ಕ್ಕೆ 995 ಜನರಿಗೆ ಸರಿಯಾಗಿ ಹೇಳುವ ಕಿಟ್ ಅದು. ಉಳಿದ 5 ಜನರ ವಿಷಯದಲ್ಲಿ ತಪ್ಪುತ್ತೆ. ಹಾಗೆ ಸುಮಾರು 50 ಜನರಿಗೆ ಸುಳ್ಳು ಗೆರೆ. ಒಟ್ಟು 70 ಗೆರೆಗಳಲ್ಲಿ ನಿಜ 20 ಮಾತ್ರ. ಸೋಂಕು ಕಡಿಮೆ ಇರುವ ಕಡೆ ಕಿಟ್ ಒಳ್ಳೆಯದಿದ್ದರೂ ಹೀಗೇ. ಅದಕ್ಕೇ ಒಂದೇ ಕಿಟ್‌ನ ಗೆರೆ ನೋಡಿ ಯಾರಿಗೂ "ನಿಮಗೆ ಎಚ್‌ಐವಿ ಇದೆ" ಅಂತ ಹೇಳಬಾರದು. ಬೇರೆ ಕಂಪನಿಯ, ಬೇರೆ ವಿಧಾನದ ಕಿಟ್‌ನಲ್ಲಿ ಮತ್ತೆ ನೋಡಬೇಕು. ಮೂರು ಟೆಸ್ಟ್ ಸತತವಾಗಿ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಅನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಹೇಳ್ತಿದೆ.

ಕೊನೆ ಬೆಂಚು · ರಾತ್ರಿ 11:27

70ರಲ್ಲಿ 50 ಸುಳ್ಳು! ಇಂಥ ಕಿಟ್ ನಂಬಿ ಬಾಣಂತಿಯ ಜೀವ ಹಿಂಡೋದಾ?

ಲ್ಯಾಬ್ ಕಿಟಕಿ · ರಾತ್ರಿ 11:41

ಅರ್ಧ ಓದಿ ಕೂಗಬೇಡಿ ಸರ್. ಆ 70ರ ಆಚೆ 9,930 ಜನರಿಗೆ ಅಲ್ಲೇ, ಆಗಲೇ ನೆಮ್ಮದಿ ಸಿಕ್ಕಿತಲ್ಲ. ಮೇಲಿನದು ಊಹೆಯ ಲೆಕ್ಕ, ನಿಜವಾಗಿ ನಡೆದದ್ದು ಇನ್ನೂ ಚೆನ್ನಾಗಿದೆ. ಅಮೆರಿಕದ 16 ಆಸ್ಪತ್ರೆಗಳಲ್ಲಿ ಮಿರಿಯಡ್ ಅಂತ ಒಂದು ಅಧ್ಯಯನ ಆಯಿತು, 2004ರಲ್ಲಿ ಪ್ರಕಟವಾಯಿತು. ರಿಪೋರ್ಟ್ ಇಲ್ಲದೆ ಹೆರಿಗೆಗೆ ಬಂದ 4,849 ಹೆಂಗಸರಿಗೆ ರ‍್ಯಾಪಿಡ್ ಟೆಸ್ಟ್. 34 ಜನರಿಗೆ ಸೋಂಕು ಇತ್ತು, ಒಬ್ಬರೂ ತಪ್ಪಿಹೋಗಲಿಲ್ಲ. ಸುಳ್ಳು ಗೆರೆ ಬಂದದ್ದು 4 ಜನರಿಗೆ. ಹಾಸಿಗೆ ಪಕ್ಕದಲ್ಲೇ ಮಾಡಿದಾಗ ರಿಸಲ್ಟ್ ಕೈಗೆ ಬರಲು ಸಾಮಾನ್ಯವಾಗಿ 66 ನಿಮಿಷ. ಲ್ಯಾಬಿಗೆ ಕಳಿಸಿ ಮಾಡುವ ಹಳೆ ಟೆಸ್ಟ್‌ಗೆ 28 ಗಂಟೆ. 28 ಗಂಟೆಯಲ್ಲಿ ಮಗು ಹುಟ್ಟಿ, ಹಾಲು ಕುಡಿದು, ನಿದ್ದೆ ಮಾಡಿ ಎದ್ದಿರುತ್ತೆ.

ನನಗಿಲ್ಲಿ ಕಾಣುವ ತಪ್ಪು ಬೇರೆ. ಎರಡನೇ ಕಿಟ್ ಆ ರಾತ್ರಿಯೇ ಹಾಕಬಹುದಿತ್ತು. ಇನ್ನೊಂದು ಅರ್ಧ ಗಂಟೆಯ ಕೆಲಸ. ಎರಡು ದಿನ ಯಾಕೆ ಬೇಕಾಯಿತು? ಬಹುಶಃ ಲ್ಯಾಬ್ ರಾತ್ರಿ ಮುಚ್ಚಿತ್ತು, ಮಾರನೇ ದಿನ ರಜೆ. ಹೆರಿಗೆ ಮಾತ್ರ ರಜೆ ನೋಡಿ ಬರೋದಿಲ್ಲ.

ಒಂದೇ ಮಗ · ರಾತ್ರಿ 12:15

ಇಲ್ಲಿ ಯಾವತ್ತೂ ಓದ್ತೇನೆ, ಬರೆಯೋದು ಇದೇ ಮೊದಲು.

ಕೊನೆ ಬೆಂಚಿನ ಸರ್, ನನಗೂ ಸಂಸಾರವೇ ಇತ್ತು. ಮೂರನೇ ತಿಂಗಳಲ್ಲಿ ಟೆಸ್ಟ್ ಮಾಡಿಸಿದ್ದೆ, ನೆಗೆಟಿವ್. ಆ ಕಾಗದ ಇದೆಯಲ್ಲ ಅಂತ ಮತ್ತೆ ಯಾರೂ ಕೇಳಲಿಲ್ಲ. ನಡುವೆ ನನ್ನ ಗಂಡನಿಂದ ನನಗೆ ಬಂದಿತ್ತು. ಅವರಿಗೆ ಇದೆ ಅಂತ ಅವರಿಗೇ ಗೊತ್ತಿರಲಿಲ್ಲ. ಹೆರಿಗೆಗೆ ಹೋದಾಗ ಮತ್ತೆ ಮಾಡಿದರು, ಎರಡು ಗೆರೆ. ಇನ್ನೊಂದು ಕಿಟ್, ಅದರಲ್ಲೂ ಎರಡು. ಹೊಸದಾಗಿ ಸೋಂಕು ತಗುಲಿದಾಗ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ ಇರುತ್ತಂತೆ, ಮಗುವಿಗೆ ಹೋಗುವ ಅಪಾಯವೂ ಜಾಸ್ತಿಯಂತೆ. ಇದೆಲ್ಲ ಆಮೇಲೆ ತಿಳಿದದ್ದು.

ನನಗೆ ಆಗಲೇ ಮಾತ್ರೆ ಕೊಟ್ಟರು. ಮಗ ಹುಟ್ಟಿದ ಒಂದು ಗಂಟೆಯೊಳಗೆ ಅವನಿಗೆ ಎರಡು ಸಿರಪ್. ಅದನ್ನು ಮನೆಯಲ್ಲಿ ನಾನೇ ಕೊಡಬೇಕಿತ್ತು, ಸೂಜಿ ಇಲ್ಲದ ಸಣ್ಣ ಸಿರಿಂಜಿನಲ್ಲಿ, ಕೆನ್ನೆಯ ಒಳಗಡೆಗೆ. ನಾಲಿಗೆ ಮೇಲೆ ಹಾಕಿದರೆ ಉಗುಳಿಬಿಡ್ತಿದ್ದ. ಡಬ್ಬಿಯ ಮೇಲಿನ ಲೇಬಲ್ ಕಿತ್ತು ಹಾಕಿದ್ದೆ. ಬಂದವರು ಕೇಳಿದರೆ ವಿಟಮಿನ್ ಅಂತಿದ್ದೆ.

ಆರನೇ ವಾರ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ತೊಟ್ಟಿಕ್ಕಿಸಿ ಕಳಿಸಿದರು. ನೆಗೆಟಿವ್. ಆದರೂ 18 ತಿಂಗಳು ಕಾಯಬೇಕಾಯಿತು. ಈಗ ಆರು ವರ್ಷ ಅವನಿಗೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಸೋಂಕಿಲ್ಲ.

ನಾನು ದಿನಕ್ಕೊಂದು ಮಾತ್ರೆ ತಗೋತೇನೆ. ನನ್ನ ರಕ್ತದಲ್ಲಿ ಈಗ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನಿಮ್ಮ ಮೇಲೆ ಕೋಪ ಇಲ್ಲ ಸರ್. ಆದರೆ "ಅನುಮಾನ ಇದ್ದವರಿಗೆ ಮಾಡಿ" ಅಂದಿರಲ್ಲ, ನನ್ನನ್ನು ನೋಡಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನನಗೇ ಬಂದಿರಲಿಲ್ಲ.

ಕೊನೆ ಬೆಂಚು · ರಾತ್ರಿ 12:22

ತಪ್ಪಾಯ್ತು ಅಕ್ಕ. ಮೇಲೆ ಬರೆದದ್ದನ್ನು ಅಳಿಸೋದಿಲ್ಲ, ಅಳಿಸಿದರೆ ನಿಮ್ಮ ಮಾತು ಯಾರಿಗೂ ಅರ್ಥ ಆಗೋದಿಲ್ಲ. ಒಂದು ಕೇಳ್ಲಾ, 18 ತಿಂಗಳು ಯಾಕೆ?

ಲ್ಯಾಬ್ ಕಿಟಕಿ · ರಾತ್ರಿ 12:30

ಸಾಮಾನ್ಯ ಟೆಸ್ಟ್ ನೋಡೋದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿದ ಆಂಟಿಬಾಡಿಯನ್ನು. ತಾಯಿಯ ಆಂಟಿಬಾಡಿ ಮಗುವಿಗೂ ಹೋಗಿರುತ್ತೆ, ಪೂರ್ತಿ ಹೋಗಲು 18 ತಿಂಗಳವರೆಗೂ ಬೇಕಾಗಬಹುದು. ಅಲ್ಲಿವರೆಗೆ ಆರೋಗ್ಯವಾಗಿರುವ ಮಗುವಿನಲ್ಲೂ ಗೆರೆ ಬರಬಹುದು. ಅದಕ್ಕೇ ಸಣ್ಣ ಮಕ್ಕಳಿಗೆ ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾಡ್ತೇವೆ. ಅಕ್ಕ ಹೇಳಿದ ಹಿಮ್ಮಡಿ ಹನಿ ಅದಕ್ಕೇ.

ಅಪ್ಪ ಆಗುವವನು · ಬೆಳಿಗ್ಗೆ 7:05

ನನ್ನ ಹೆಂಡತಿಗೆ ಈಗ ಏಳು ತಿಂಗಳು. ಮೊದಲ ಟೆಸ್ಟ್ ನೆಗೆಟಿವ್. ಇದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಮಾಡಿಸಬೇಕಾ? ಪಾಸಿಟಿವ್ ಬಂದರೆ ಸಿಸೇರಿಯನ್ ಕಡ್ಡಾಯವಾ?

ಹಳೇ ಸ್ಟೆತಸ್ಕೋಪ್ · ಬೆಳಿಗ್ಗೆ 8:40

ಮಾಡಿಸಿ. ಈಗ, ಏಳನೇ ತಿಂಗಳಲ್ಲಿ, ನೋವಿಲ್ಲದೆ ಕೂತು ಮಾತಾಡುವ ಹೊತ್ತಿನಲ್ಲಿ. ನೀವೂ ಮಾಡಿಸಿಕೊಳ್ಳಿ. ಗಂಡಸರು ಈ ಮಾತಿಗೆ ಮಾತ್ರ ಫೋನ್ ನೋಡಲು ಶುರು ಮಾಡ್ತಾರೆ, ನೀವು ಹಾಗೆ ಮಾಡಬೇಡಿ. ರಿಪೋರ್ಟಿನ ಫೋಟೋ ಇಬ್ಬರ ಮೊಬೈಲಲ್ಲೂ ಇರಲಿ.

ನಾನು ಹೆರಿಗೆ ಡಾಕ್ಟರ್ ಆಗಿ ನಿವೃತ್ತಿಯಾದವನು. ಈ ವಿಷಯದಲ್ಲಿ ನನ್ನ ಕಣ್ಣೆದುರೇ ಲೋಕ ಬದಲಾಯಿತು. 1994ಕ್ಕೆ ಮೊದಲು ನಮ್ಮ ಹತ್ತಿರ ಕೊಡಲು ಏನೂ ಇರಲಿಲ್ಲ. ಆ ವರ್ಷ ಬಂದ ಅಮೆರಿಕ, ಫ್ರಾನ್ಸಿನ ಅಧ್ಯಯನದಲ್ಲಿ ಜಿಡೊವುಡಿನ್ ಕೊಟ್ಟಾಗ ಮಗುವಿಗೆ ಸೋಂಕು ಶೇ 25.5ರಿಂದ ಶೇ 8.3ಕ್ಕೆ ಇಳಿಯಿತು. ಓದಿದ ದಿನ ಕುರ್ಚಿಯಿಂದ ಎದ್ದು ನಿಂತಿದ್ದೆ. 1999ರಲ್ಲಿ ಉಗಾಂಡಾದಿಂದ ಇನ್ನೊಂದು ಸುದ್ದಿ. ನೋವು ಶುರುವಾದಾಗ ತಾಯಿಗೆ ಒಂದೇ ಒಂದು ನೆವಿರಪಿನ್ ಮಾತ್ರೆ, ಮೂರು ದಿನದೊಳಗೆ ಮಗುವಿಗೆ ಒಂದೇ ಡೋಸ್. ಹೆರಿಗೆ ಹೊತ್ತಿನ ಜಿಡೊವುಡಿನ್‌ಗೆ ಹೋಲಿಸಿದರೆ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಬಡ ದೇಶಗಳಿಗೆ ಅದೇ ದೊಡ್ಡ ದಾರಿಯಾಯಿತು. ಆಮೇಲೆ ಅದರ ದೋಷವೂ ತಿಳಿಯಿತು. ಒಂದೇ ಡೋಸ್ ಕೊಟ್ಟು ಬಿಟ್ಟರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಆಗಿಬಿಡ್ತಿತ್ತು, ಮುಂದೆ ತಾಯಿಯ ಚಿಕಿತ್ಸೆಗೇ ತೊಂದರೆ. ಆ ಕಾಲದಲ್ಲಿ ನಾವು ಮಗುವನ್ನು ಉಳಿಸುವ ಭರದಲ್ಲಿ ತಾಯಿಯನ್ನು ಮರೆತೆವು ಅಂತ ನನಗೆ ಈಗಲೂ ಅನಿಸುತ್ತೆ. ಈಗ ಹಾಗಿಲ್ಲ. ಲೇಬರ್ ರೂಮಲ್ಲಿ ಗೊತ್ತಾದರೂ ತಾಯಿಗೆ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಹಲವು ಔಷಧಿಗಳ ಪೂರ್ತಿ ಚಿಕಿತ್ಸೆಯನ್ನೇ ಶುರು ಮಾಡ್ತಾರೆ, ಅದು ಜೀವನಪೂರ್ತಿ ಮುಂದುವರಿಯುತ್ತೆ.

ಮಗುವಿಗೂ ಹಾಗೇ. ತಾಯಿಗೆ ಹೆರಿಗೆ ಹೊತ್ತಿನಲ್ಲೇ ಗೊತ್ತಾದರೆ ಒಂದು ಔಷಧಿ ಸಾಲದು ಅಂತ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜಿಡೊವುಡಿನ್ ಒಂದನ್ನೇ ಪಡೆದ ಮಕ್ಕಳಲ್ಲಿ ಹೆರಿಗೆ ಹೊತ್ತಿನ ಸೋಂಕು ಶೇ 4.8, ನೆವಿರಪಿನ್ ಸೇರಿಸಿದಾಗ ಶೇ 2.2. ಒಂದೇ ಮಗ ತಾಯಿ ಹೇಳಿದ ಆ ಎರಡು ಸಿರಪ್ ಅದೇ ಲೆಕ್ಕ.

ಸಿಸೇರಿಯನ್ ಕಡ್ಡಾಯ ಅಲ್ಲ. ಚಿಕಿತ್ಸೆಯಿಂದ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಇಳಿದಿದ್ದರೆ ಸಹಜ ಹೆರಿಗೆಯೇ ಆಗಬಹುದು. ಲೋಡ್ ಒಂದು ಮಿಲಿಲೀಟರಿಗೆ 1000 ಮೀರಿದ್ದರೆ, ನೋವು ಬರುವ ಮೊದಲೇ 38ನೇ ವಾರಕ್ಕೆ ಮಾಡುವ ಸಿಸೇರಿಯನ್‌ನಿಂದ ಲಾಭ ಇದೆ. ನೋವು ಬಂದು ನೀರು ಒಡೆದ ಮೇಲೆ ಓಡಿಹೋಗಿ ಕೊಯ್ದರೆ ಲಾಭ ಅಷ್ಟು ಖಚಿತವಲ್ಲ. ಆಗ ಮುಖ್ಯವಾದದ್ದು ಬೇರೆ. ಅಗತ್ಯವಿಲ್ಲದೆ ಡಾಕ್ಟರೇ ನೀರಿನ ಚೀಲ ಒಡೆಯಬಾರದು. ತೀರಾ ಬೇಕಿಲ್ಲದೆ ಮಗುವನ್ನು ಎಳೆಯಲು ಫೋರ್ಸೆಪ್ಸ್, ವ್ಯಾಕ್ಯೂಮ್ ಹಾಕಬಾರದು. ಮಗುವಿನ ಚರ್ಮಕ್ಕೆ ಗಾಯ ಆಗಬಾರದು.

ಹೊಸ ಅಮ್ಮ · ಬೆಳಿಗ್ಗೆ 11:10

ಎಲ್ಲ ಓದಿದೆ. ಒಂದೇ ಮಗ ಅಕ್ಕಾ, ನಿಮ್ಮದನ್ನು ಎರಡು ಸಲ ಓದಿದೆ. ಟೆಸ್ಟ್ ಬೇಕು ಅಂತ ಈಗ ಒಪ್ಪುತ್ತೇನೆ. ಔಷಧಿಯೂ ಸರಿ. ಹಾಲಿನದ್ದು ಮಾತ್ರ ಇನ್ನೂ ಸಿಟ್ಟಿದೆ. ಎರಡು ದಿನ ಎದೆ ಕಲ್ಲಾಗಿತ್ತು. ಬಾತ್‌ರೂಮಲ್ಲಿ ಹಿಂಡಿ ಚೆಲ್ಲಿದೆ. ಮಗು ಪಕ್ಕದಲ್ಲಿ ಅಳ್ತಿತ್ತು.

ಹಳೇ ಸ್ಟೆತಸ್ಕೋಪ್ · ಬೆಳಿಗ್ಗೆ 11:35

ಎದೆಹಾಲಿನಿಂದಲೂ ಸೋಂಕು ಹೋಗುತ್ತಮ್ಮ. ಖಾತ್ರಿಯಾಗುವ ತನಕ ಹಾಲು ತಡೆಹಿಡಿಯುವುದು ಹಲವು ಕಡೆ ನಿಯಮವೇ.

ರಾತ್ರಿ ಪಾಳಿ · ಮಧ್ಯಾಹ್ನ 1:15

ಸರ್, ನಾನು ಇಲ್ಲಿ ನಿಮ್ಮನ್ನು ಪೂರ್ತಿ ಒಪ್ಪಲ್ಲ. ಪುಡಿ ಹಾಲು, ಶುದ್ಧ ನೀರು ಯಾವಾಗಲೂ ಸಿಗುವ ಕಡೆಯ ನಿಯಮ ಅದು. ಅದು ಸಿಗದ ಕಡೆ ಮಗು ಭೇದಿಯಿಂದಲೇ ಸಾಯಬಹುದು. ಅದಕ್ಕೇ ತಾಯಿ ಚಿಕಿತ್ಸೆಯಲ್ಲಿದ್ದು, ಮಗುವಿಗೆ ಸಿರಪ್ ಕೊಡ್ತಾ, ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಸ್ವಲ್ಪ ಎದೆಹಾಲು, ಸ್ವಲ್ಪ ಪುಡಿ ಹಾಲು ಅಂತ ಬೆರೆಸಿ ಕೊಡೋದಕ್ಕಿಂತ ಅದೇ ಒಳ್ಳೆಯದು.

ತಡೆದದ್ದೇ ಸರಿ ಅಂದುಕೊಂಡರೂ, ಹಾಗೆ ಬಿಟ್ಟು ಹೋಗೋದಾ? "ಎರಡು ಮೂರು ಗಂಟೆಗೊಮ್ಮೆ ಹಿಂಡಿ, ಹಾಲು ಬತ್ತೋದು ಬೇಡ, ರಿಪೋರ್ಟ್ ನೆಗೆಟಿವ್ ಬಂದರೆ ನಾಳೆಯೇ ಕುಡಿಸಬಹುದು" ಅಂತ ಒಬ್ಬರು ಹೇಳಬೇಕಿತ್ತು. ಹಿಂಡುವ ಪಂಪ್ ಕೊಡಬೇಕಿತ್ತು. ಬಾತ್‌ರೂಮಲ್ಲಿ ಒಬ್ಬಳೇ ಯಾಕೆ?

ಹಳೇ ಸ್ಟೆತಸ್ಕೋಪ್ · ಮಧ್ಯಾಹ್ನ 1:40

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಿಸ್ಟರ್. ಒಪ್ಪಿದೆ.

ಅಪ್ಪ ಆಗುವವನು · ಮಧ್ಯಾಹ್ನ 2:20

ಒಂದು ಅನುಮಾನ. ನೋವಲ್ಲಿ ಇರುವವರು ಹೂಂ ಅಂದರೆ ಅದು ಒಪ್ಪಿಗೆನಾ? ಆ ಹೊತ್ತಿನಲ್ಲಿ ಮನೆ ಬರೆದುಕೊಡು ಅಂದರೂ ಹೂಂ ಅಂತಾರೆ.

ರಾತ್ರಿ ಪಾಳಿ · ಸಂಜೆ 4:00

ಸರಿಯಾದ ಪ್ರಶ್ನೆ. ಅದಕ್ಕೇ ನೋವಿನ ತುದಿಯಲ್ಲಿ ಕೇಳಬಾರದು. ಎರಡು ನೋವಿನ ನಡುವೆ ಒಂದು ಬಿಡುವು ಇರುತ್ತೆ. ಮುಖದ ಬಿಗಿ ಸಡಿಲವಾಗುತ್ತೆ, ಕಣ್ಣು ಬಿಡ್ತಾರೆ, ನೀರು ಕೇಳ್ತಾರೆ. ಆಗ ಹೇಳಬೇಕು. ಜೊತೆಗಿದ್ದವರನ್ನು ಸ್ವಲ್ಪ ಹೊರಗೆ ಕಳಿಸಿ ಹೇಳಬೇಕು. ಬೇಡ ಅಂದರೆ ಬೇಡ. ಬೇಡ ಅಂದವರಿಗೆ ಹೆರಿಗೆ ಆದಮೇಲೆ ಮತ್ತೊಮ್ಮೆ ಕೇಳ್ತೇನೆ. ಮಗುವಿಗೆ ಆಗಲೂ ಹೊತ್ತಿರುತ್ತೆ. ನನ್ನ ಅನುಭವದಲ್ಲಿ, ಸರಿಯಾಗಿ ಹೇಳಿದರೆ ಬೇಡ ಅನ್ನುವವರು ಬಹಳ ಕಡಿಮೆ.

ಹೊಸ ಅಮ್ಮ · ಸಂಜೆ 6:30

ಸಿಸ್ಟರ್, ಆ ರಾತ್ರಿ ನೀವಿದ್ದಿದ್ದರೆ ನನಗೆ ಏನು ಹೇಳ್ತಿದ್ದಿರಿ? ಮಾತು ಮಾತೂ ಬರೀರಿ.

ರಾತ್ರಿ ಪಾಳಿ · ಸಂಜೆ 7:10

"ನಾನು ಈ ರಾತ್ರಿ ನಿಮ್ಮ ಜೊತೆ ಇರುವ ಸಿಸ್ಟರ್. ನಿಮ್ಮ ಎಚ್‌ಐವಿ ರಿಪೋರ್ಟ್ ನಮ್ಮ ಹತ್ತಿರ ಇಲ್ಲ. ರಿಪೋರ್ಟ್ ಇಲ್ಲದೆ ಬಂದ ಎಲ್ಲರಿಗೂ ಬೆರಳು ಚುಚ್ಚಿ ಒಂದು ಟೆಸ್ಟ್ ಮಾಡ್ತೇವೆ. 20 ನಿಮಿಷದಲ್ಲಿ ಗೊತ್ತಾಗುತ್ತೆ. ಗೆರೆ ಬಂದರೆ ಮಗುವಿಗೆ ಹೋಗದ ಹಾಗೆ ಈಗಲೇ ಔಷಧಿ ಕೊಡಬಹುದು. ಮೊದಲ ಟೆಸ್ಟ್ ಒಮ್ಮೊಮ್ಮೆ ಸುಳ್ಳು ಹೇಳುತ್ತೆ, ಇನ್ನೊಂದು ಕಿಟ್‌ನಲ್ಲಿ ಮತ್ತೆ ನೋಡ್ತೇವೆ. ಏನೇ ಬಂದರೂ ಮೊದಲು ನಿಮಗೇ ಹೇಳ್ತೇನೆ. ಬೇಡ ಅಂದರೂ ಹೆರಿಗೆ ಮಾಡಿಸೋದು ನಾವೇ, ಇಷ್ಟೇ ಚೆನ್ನಾಗಿ. ಮಾಡ್ಲಾ?"

ಹೊಸ ಅಮ್ಮ · ಸಂಜೆ 7:32

ಜೋರಾಗಿ ಓದಿ ನೋಡಿದೆ, ಮೊಬೈಲಲ್ಲಿ ಟೈಮ್ ಇಟ್ಟು. 40 ಸೆಕೆಂಡ್.

ರಾತ್ರಿ ಪಾಳಿ · ಸಂಜೆ 7:38

ಮನೆಯಲ್ಲಿ 40 ಸೆಕೆಂಡ್. ಲೇಬರ್ ರೂಮಲ್ಲಿ ನಡುವೆ ಒಂದು ನೋವು ಬರುತ್ತೆ. ನಿಲ್ಲಿಸಿ, ಬೆನ್ನು ಒತ್ತಿ, ಅದು ಹೋಗಲಿ ಅಂತ ಕಾದು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹುಡುಕಿ ಮತ್ತೆ ಶುರು ಮಾಡಬೇಕು. ನಾಲ್ಕು ನಿಮಿಷ ಅಂತ ಇಟ್ಟುಕೊಳ್ಳಿ.

ಹೊಸ ಅಮ್ಮ · ಸಂಜೆ 7:41

ನಾಲ್ಕೇ ಆಗಲಿ ಸಿಸ್ಟರ್. ಮಗು ಎದ್ದ, ಹಾಲಿನ ಹೊತ್ತು. ಆಮೇಲೆ ಬರ್ತೇನೆ.